ಬಾಗಿಲಾಗಬೇಕಿದ್ದ ಟೇಬಲ್ಲು

ನಮ್ಮ ಮನೆಗೆ ಬಾಗಿಲಿರಲಿಲ್ಲ. ಗುಂಡ್ಲುಪೇಟೆಯ ಹೊರಗೆ, ಊಟಿ ರಸ್ತೆಯಿಂದ ಒಂದು ಕೂಗಳತೆ ಒಳಗೆ ಅಪ್ಪ ಗೋಡೆ ಎಬ್ಬಿಸಿ, ಹೆಂಚು ಹೊದಿಸಿ, ನೆಲಕ್ಕೆ ಸಿಮೆಂಟು ಹಾಕಿಸಿ, ಬಾಗಿಲಿನ ಹೊತ್ತಿಗೆ ಸುಸ್ತಾಗಿ ಕುಳಿತಿದ್ದ. ಮುಂಬಾಗಿಲಿನ ಜಾಗದಲ್ಲಿ ಹಗಲು ಅಮ್ಮನ ಹಳೆ ಸೀರೆ, ಇರುಳು ಒಂದು ತಗಡು. ತಗಡು ಬೀಳದಿರಲೆಂದು ಒಳಗಿನಿಂದ ರುಬ್ಬುವ ಗುಂಡನ್ನು ಆನಿಸಿ ಇಡುತ್ತಿದ್ದೆವು. ಅಡುಗೆಮನೆಗೆ ಏನೂ ಇಲ್ಲ, ಬಚ್ಚಲಿಗೆ ಗೋಣಿತಾಟು. ಅಮ್ಮ ಸ್ನಾನಕ್ಕೆ ಹೋದಾಗ ನಾನು ಹೊರಗೆ ಕಾವಲು ನಿಂತು ಗಟ್ಟಿಯಾಗಿ ಮಗ್ಗಿ ಹೇಳಬೇಕಿತ್ತು. ಮಗ್ಗಿ ನಿಂತರೆ ನಾನು ಆಟಕ್ಕೆ ಓಡಿದೆನೆಂದು ಅರ್ಥ, ಒಳಗಿನಿಂದ ಬೈಗುಳ ಶುರುವಾಗುತ್ತಿತ್ತು. ಹತ್ತೊಂಬತ್ತರ ಮಗ್ಗಿ ನನಗೆ ಇವತ್ತಿಗೂ ಬಾಯಿಗೆ ಬರುವುದು ಶಾಲೆಯ ಪುಣ್ಯದಿಂದಲ್ಲ, ಆ ಗೋಣಿತಾಟಿನ ಪುಣ್ಯದಿಂದ.

ನಾನು ಚಾಂಪಿಯನ್ ಆಗಿ, ಸ್ನೂಕರನ್ನೇ ಕಸುಬು ಮಾಡಿಕೊಂಡು ಊರೂರು ಸುತ್ತತೊಡಗಿದ ಮೇಲೆ ಪತ್ರಿಕೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: ಎಲ್ಲಿ ಕಲಿತಿರಿ? ಗುಂಡ್ಲುಪೇಟೆಯಲ್ಲಿ ಎಂದರೆ ಅಲ್ಲಿ ಯಾವುದೋ ಕ್ಲಬ್ಬು ಇದ್ದೀತು ಎಂದುಕೊಂಡು ಬರೆದುಕೊಳ್ಳುತ್ತಿದ್ದರು. ದನದ ಕೊಟ್ಟಿಗೆಯಲ್ಲಿ ಎಂದು ಬಿಡಿಸಿ ಹೇಳಿದರೆ ನಗುತ್ತಿದ್ದರು. ಆ ಕೊಟ್ಟಿಗೆಗೆ ಟೇಬಲ್ಲು ಬಂದದ್ದು ನಾನು ಹೇಳಿದ ಒಂದು ಸುಳ್ಳಿನಿಂದ. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಮನೆಯಲ್ಲಿ ನಾಲ್ಕೇ ಜನ. ಅಪ್ಪ ಅರಣ್ಯ ಇಲಾಖೆಯಲ್ಲಿ ಜೀಪ್ ಡ್ರೈವರು. ಮೊದಲು ಚಾಮರಾಜನಗರದಲ್ಲಿ ಸಾಹೇಬರ ಜೀಪು ಓಡಿಸುತ್ತಿದ್ದವನು ಆಮೇಲೆ ಬಂಡೀಪುರಕ್ಕೆ ವರ್ಗವಾಗಿ ಬಂದಿದ್ದ. ಅವನ ತಾಯಿ, ನನ್ನ ಅಜ್ಜಿ, ತನ್ನೂರು ಕುದೇರಿನಿಂದ ಒಂದು ಹಸುವನ್ನು ಹೊಡೆದುಕೊಂಡು, ಶಿವಪೂಜೆಯ ಪೆಟ್ಟಿಗೆಯನ್ನು ಹೊತ್ತುಕೊಂಡು ಬಂದು ನಮ್ಮ ಜೊತೆ ಸೇರಿದ್ದಳು. ಬೆಳಿಗ್ಗೆ ಮಿಂದು, ಅಂಗೈ ಮೇಲೆ ಲಿಂಗ ಇಟ್ಟು ಪೂಜೆ ಮಾಡಿ, ಹಣೆಗೆ ಮೂರೆಳೆ ವಿಭೂತಿ ಹಚ್ಚಿಕೊಳ್ಳದೆ ಅವಳು ಹನಿ ನೀರೂ ಮುಟ್ಟುತ್ತಿರಲಿಲ್ಲ. ಮಡಿ ಮೈಲಿಗೆಯ ವಿಷಯದಲ್ಲಿ ಅವಳು ಹೇಳಿದ್ದೇ ಕೊನೆಯ ಮಾತು. ಉಳಿದ ವಿಷಯಗಳಲ್ಲಿ ಅಮ್ಮನಿಗೂ ಅವಳಿಗೂ ದಿನಕ್ಕೊಂದು ಜಗಳ, ಮತ್ತು ಸುತ್ತಿ ಬಳಸಿ ಅದು ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

“ಹೊಸಿಲಿಲ್ದ ಮನಗ ಲಕ್ಷ್ಮಿ ಎಲ್ಲಿಂದ ಬತ್ತಳು?” ಎನ್ನುವಳು ಅಜ್ಜಿ, ಉಪ್ಸಾರಿಗೆ ಮುದ್ದೆ ಮುರಿಯುತ್ತ.

“ಲಕ್ಷ್ಮಿ ನಿಧಾನಕ್ಕ ಬರ್ಲಿ ಬುಡಿ ಅತ್ತೆ. ಸದ್ಯಕ್ಕ ನಾಯಿ ಬರ್ದಂಗ ಆದ್ರ ಸಾಕು,” ಎನ್ನುವಳು ಅಮ್ಮ.

ಅಪ್ಪ ತಲೆಯೆತ್ತದೆ ಉಣ್ಣುತ್ತಿದ್ದ. ಅವನು ಹೆಚ್ಚು ಮಾತಿನವನಲ್ಲ.

ಚಾಮರಾಜನಗರ ಜಿಲ್ಲೆಯಾಗಿ ಹೊಸ ಕಚೇರಿಗಳಿಗೆ ಜಾಗ ಹುಡುಕುತ್ತಿದ್ದ ಕಾಲ ಅದು. ಸಾಹೇಬರುಗಳು ಸಂಜೆ ಸೇರುತ್ತಿದ್ದ ಹಳೆಯ ಕ್ಲಬ್ಬಿನ ಕಟ್ಟಡವನ್ನು ಖಾಲಿ ಮಾಡಿಸಿ, ಅಲ್ಲಿನ ಕುರ್ಚಿ ಮೇಜುಗಳನ್ನೆಲ್ಲ ಅಂಗಳಕ್ಕೆ ತೆಗೆಸಿ ಹರಾಜಿಗಿಟ್ಟರು. ಕುರ್ಚಿಗಳಿಗೆ ಜನ ಮುಗಿಬಿದ್ದರಂತೆ. ಹನ್ನೆರಡಡಿ ಉದ್ದದ, ಎಂಟು ಕಾಲಿನ ಆಟದ ಟೇಬಲ್ಲಿನ ಮುಂದೆ ಬಂದಾಗ ಎಲ್ಲರೂ ಹಿಂದೆ ಸರಿದರು. ಅಪ್ಪ ಒಬ್ಬನೇ ಕೂಗಿದ. ಅವನಿಗೆ ಅದು ಟೇಬಲ್ಲಾಗಿ ಕಾಣಲೇ ಇಲ್ಲ. ಬರ್ಮಾ ತೇಗ, ಹೊಗೆ ಹಿಡಿದಂಥ ಬಣ್ಣ, ಒಂದೊಂದು ಕಾಲೂ ಆನೆಯ ಕಾಲಿನ ದಪ್ಪ. ಒಂದು ಮುಂಬಾಗಿಲು, ಒಂದು ಅಡುಗೆಮನೆ ಬಾಗಿಲು, ಬಚ್ಚಲಿಗೆ ಒಂದು, ಇನ್ನೂ ಮಿಕ್ಕರೆ ಅಜ್ಜಿಯ ಪೂಜೆಗೆ ಒಂದು ಮಣೆ ಎಂದು ಅಲ್ಲೇ ನಿಂತು ಲೆಕ್ಕ ಹಾಕಿದ್ದನಂತೆ. ಮೇಲಿನ ಹಸಿರು ಬಟ್ಟೆಯ ಕೆಳಗಿದ್ದ ಐದು ಕಲ್ಲು ಚಪ್ಪಡಿಗಳಲ್ಲಿ ಎರಡನ್ನು ಅಮ್ಮ ಬಟ್ಟೆ ಒಗೆಯಲು ಆಗಲೇ ಗೊತ್ತು ಮಾಡಿಕೊಂಡಿದ್ದಳು.

ಟ್ರ್ಯಾಕ್ಟರಿನ ಜೊತೆ ಕ್ಲಬ್ಬಿನ ಮಾರ್ಕರ್ ಸಿದ್ದಯ್ಯನೂ ಬಂದ. ಮಾರ್ಕರ್ ಎಂದರೆ ಟೇಬಲ್ಲು ನೋಡಿಕೊಳ್ಳುವವನು, ಆಡುವವರ ಪಾಯಿಂಟು ಎಣಿಸುವವನು. ಚಂದಕವಾಡಿಯ ಮುದುಕ, ಆ ಒಂದು ಟೇಬಲ್ಲಿನ ಮುಂದೆಯೇ ತಲೆ ನೆರೆಸಿಕೊಂಡವನು. ಬಿಚ್ಚಿ ತಂದ ಮರವನ್ನು ಹಾಗೇ ನೆಲಕ್ಕೆ ಹಾಕಿದರೆ ಬಾಗುತ್ತದೆ, ಗೆದ್ದಲು ಹತ್ತುತ್ತದೆ, ತಾನು ಸುಗ್ಗಿ ಮುಗಿಸಿ ಬರುವವರೆಗೆ ಇದ್ದ ಹಾಗೇ ನಿಲ್ಲಿಸಿಡಿ ಎಂದು ನಮ್ಮ ಬಡಗಿ ಪುಟ್ಟಾಚಾರಿ ಹೇಳಿ ಕಳಿಸಿದ್ದ. ಹಾಗಾಗಿ ಸಿದ್ದಯ್ಯ ಎರಡು ದಿನ ಕೂತು ಅದನ್ನು ನಮ್ಮ ನಡುಮನೆಯಲ್ಲಿ ಜೋಡಿಸಿದ. ಲೋಟದಲ್ಲಿ ನೀರಿಟ್ಟು ಮಟ್ಟ ನೋಡಿದ, ಕಾಲಿನಡಿಗೆ ತಗಡಿನ ಚೂರು ಕೊಟ್ಟ, ಹಸಿರು ಬಟ್ಟೆಯನ್ನು ಮಗುವಿನ ಬೆನ್ನು ನೇವರಿಸುವ ಹಾಗೆ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ನೇವರಿಸಿದ. ಕೊನೆಗೆ ಪೆಟ್ಟಿಗೆಯಿಂದ ಚೆಂಡುಗಳನ್ನು ತೆಗೆದ. ನಾನು ಆಗ ಏಳನೇ ಕ್ಲಾಸು. ಅಷ್ಟು ನುಣುಪಾದ ವಸ್ತುವನ್ನು ಅಲ್ಲಿಯವರೆಗೆ ಮುಟ್ಟಿರಲಿಲ್ಲ.

“ಒಂದ್ ಕೆಂಪು ಹೊಡಿಬೇಕು, ಆಮೇಲ ಒಂದ್ ಬಣ್ಣ. ತಿರ್ಗ ಕೆಂಪು. ಇಷ್ಟೇ ಕಣಮ್ಮಿ ಆಟ,” ಎಂದ ಸಿದ್ದಯ್ಯ. “ಆಡಕ್ಕ ಒಂದ್ ದಿನ ಸಾಕು, ಕೈಗ ಬರಕ್ಕ ಒಂದ್ ಜನ್ಮ ಬೇಕು.”

ಕೋಲು ಹಿಡಿಯುವುದು, ಎಡಗೈ ಬೆರಳುಗಳನ್ನು ಬಟ್ಟೆಯ ಮೇಲೆ ಊರುವುದು, ಗಲ್ಲವನ್ನು ಕೋಲಿಗೆ ತಾಗಿಸಿ ನೋಡುವುದು, ಎಲ್ಲ ಅವನೇ ತೋರಿಸಿದ್ದು. ನಡುನಡುವೆ ತನ್ನ ಹೆಚ್ಚುಗಾರಿಕೆ. ದೊಡ್ಡ ದೊಡ್ಡ ಸಾಹೇಬರು ಬಂದರೂ ಟೇಬಲ್ಲಿನ ಅಂಚಿಗೆ ಒಂದು ಲೋಟ ಇಡಲು ಬಿಟ್ಟವನಲ್ಲವಂತೆ. ಒಬ್ಬ ಸಾಹೇಬರು ಸಿಗರೇಟು ಹಿಡಿದು ಬಗ್ಗಿದಾಗ ಕೈಯನ್ನೇ ಹಿಡಿದುಕೊಂಡನಂತೆ.

“ಗುಡಿ ಇಟ್ಕಂಡಂಗ ಇಟ್ಕಂಡಿದ್ದೆ ಕಣವ್ವ,” ಎಂದು ಅಜ್ಜಿಗೂ ಹೇಳಿದ. ಅವಳಿಗೆ ಕಿವಿ ಅಷ್ಟಕ್ಕಷ್ಟೆ, ತಲೆಯಾಡಿಸಿ ಮಜ್ಜಿಗೆ ಕೊಟ್ಟಳು. ಹೋಗುವಾಗ ಕೋಲು, ಚೆಂಡು ಎಲ್ಲ ನನಗೇ ಬಿಟ್ಟು ಹೋದ. ಬಾಗಿಲಾಗುವ ಮರಕ್ಕೆ ಅವು ಯಾಕೆ ಬೇಕು, ಅಲ್ಲಿಯವರೆಗೆ ಆಡಿಕೋ ಎಂದ. ತಿರುಗಿ ನೋಡಲಿಲ್ಲ.

ಆ ಮೂರು ನಾಲ್ಕು ತಿಂಗಳು ನಮ್ಮ ಮನೆ ಟೇಬಲ್ಲಿನ ಸುತ್ತ ಬದುಕಿತು. ಊಟಕ್ಕೆ ಗೋಡೆಗೆ ಒತ್ತಿಕೊಂಡು ಸಾಲಾಗಿ ಕೂರಬೇಕಿತ್ತು. ಅಮ್ಮ ಮೇಲೆ ಜಮಖಾನ ಹೊದಿಸಿ ಬಟ್ಟೆ ಮಡಚುತ್ತಿದ್ದಳು. ಅಜ್ಜಿಗೆ ಮಧ್ಯಾಹ್ನದ ನಿದ್ದೆಗೆ ಅದರ ಅಡಿಯೇ ಬೇಕು. ಕಲ್ಲಿನ ಮಂಟಪದಂತೆ ತಣ್ಣಗಿರುತ್ತದೆ ಎನ್ನುವಳು. ಮೇಲೆ ನಾನು ಚೆಂಡು ಹೊಡೆದರೆ ಕೆಳಗೆ ಗುಡುಗಿದಂತಾಗಿ ‘ಶಿವನೇ’ ಎಂದು ಮಗ್ಗುಲು ಬದಲಿಸುವಳು. ನಡುಮನೆ ಚಿಕ್ಕದು, ಅಡುಗೆಮನೆ ಕಡೆ ಕೋಲು ಹಿಂದಕ್ಕೆ ಎಳೆಯಲು ಎರಡು ಗೇಣು ಜಾಗವಿಲ್ಲ. ಆದರೆ ಬಾಗಿಲಿಲ್ಲವಲ್ಲ! ಕೋಲಿನ ಹಿಂಭಾಗ ನೇರ ಅಡುಗೆಮನೆಯೊಳಗೆ ಹೋಗಿ ಸಾರು ಕುದಿಸುತ್ತಿದ್ದ ಅಮ್ಮನ ಸೊಂಟಕ್ಕೆ ತಿವಿಯುತ್ತಿತ್ತು. ಅವಳು ಸೌಟಿನಲ್ಲೇ ಕೋಲಿಗೆ ಎರಡೇಟು ಕೊಡುವಳು. ನಾನು ಶಾಲೆಯಿಂದ ಬಂದು ಚೀಲ ಎಸೆದರೆ ದೀಪ ಹಚ್ಚುವವರೆಗೆ ಆಡುತ್ತಿದ್ದೆ. ಎದುರಾಳಿ ಯಾರೂ ಇರಲಿಲ್ಲ, ಬೇಕು ಅನ್ನಿಸಲೂ ಇಲ್ಲ. ಚೆಂಡು ನಾನು ನೆನೆಸಿದ ಜಾಗಕ್ಕೆ ಹೋಗಿ ನಿಂತಾಗ ಆಗುತ್ತಿದ್ದ ಸುಖವನ್ನು ಇವತ್ತಿನವರೆಗೆ ಗೆದ್ದ ಯಾವ ಕಪ್ಪೂ ಕೊಟ್ಟಿಲ್ಲ. ಬಂಡೀಪುರದಿಂದ ಬಂದ ಅಪ್ಪ ಕೆಲವು ಸಂಜೆ ರಾಗಿ ಮೂಟೆಯ ಮೇಲೆ ಕುಳಿತು ನೋಡುತ್ತಿದ್ದ. ಚೆಂಡು ಪಾಕೆಟ್ಟಿಗೆ ಬಿದ್ದರೆ ಬೀಡಿ ಹಿಡಿದ ಕೈ ಅರ್ಧಕ್ಕೆ ನಿಲ್ಲುತ್ತಿತ್ತು.

ಸುಗ್ಗಿ ಮುಗಿಯಿತು, ಪುಟ್ಟಾಚಾರಿ ಬಂದ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಟೇಬಲ್ಲಿನ ಉದ್ದನೆಯ ಅಂಚಿನ ಮೇಲೆ ಗೀಟು ಎಳೆದ. ಈ ಪಟ್ಟಿ ಹೊಸಿಲಿಗೆ, ಇವೆರಡು ನಿಲುವಿಗೆ, ಕಾಲುಗಳನ್ನು ಸೀಳಿದರೆ ಹಲಗೆ ಎಂದು ಅಮ್ಮನಿಗೆ ವಿವರಿಸಿದ. ಸೋಮವಾರ ದಿನ ಚೆನ್ನಾಗಿದೆ, ಗರಗಸ ತರುತ್ತೇನೆ, ಹೊಸಿಲ ಪೂಜೆಗೆ ಅರಿಶಿನ ಕುಂಕುಮ ಕಾಯಿ ಸಿದ್ಧ ಮಾಡಿಕೊಳ್ಳಿ ಎಂದು ಹೇಳಿ ಹೋದ. ಅಮ್ಮನ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಮಾತ್ರ ಆ ಗೀಟು ನನ್ನ ಮೈಮೇಲೆ ಎಳೆದಂತೆ ಆಯಿತು. ಶುಕ್ರವಾರ, ಶನಿವಾರ ಅನ್ನ ಸೇರಲಿಲ್ಲ. ಅಳುವುದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿತ್ತು. ಬಾಗಿಲು ಬೇಡ ಎಂದರೆ ಯಾರು ಕೇಳುತ್ತಾರೆ? ಮನೆಯಲ್ಲಿ ಎಲ್ಲರ ಮಾತನ್ನೂ ಮೀರುವ ಮಾತು ಅಜ್ಜಿಯದು, ಅಜ್ಜಿಯ ಮಾತನ್ನು ಮೀರುವುದು ಅವಳ ಮಡಿ. ಹನ್ನೆರಡು ವರ್ಷದ ನನ್ನ ಬುದ್ಧಿ ಅಲ್ಲಿಗೆ ಹೋಗಿ ಮುಟ್ಟಿತು.

ಭಾನುವಾರ ಬೆಳಿಗ್ಗೆ ಅಜ್ಜಿ ಪೂಜೆ ಮುಗಿಸಿ ಎದ್ದಾಗ ಅವಳ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

“ಅಜ್ಜಿ, ಆ ಟೇಬಲ್ ಮೇಲ ಸಾಹೇಬ್ರೆಲ್ಲ ಬಾಡೂಟ ಉಣ್ತಿದ್ರಂತ. ಬ್ರಾಂದಿ ಚೆಲ್ಲಾಡ್ತಿದ್ರಂತ. ಮಾರ್ಕರ್ ತಾತ ಹೇಳ್ತು.”

ಹೊಸಿಲಿಗೆ ಆ ಮರ ಆಗದು ಎಂದು ಅಜ್ಜಿ ಹೇಳಿಯಾಳು, ಪುಟ್ಟಾಚಾರಿ ವಾಪಸು ಹೋದಾನು, ಟೇಬಲ್ಲು ಇದ್ದಲ್ಲೇ ಉಳಿದೀತು. ಇದು ನನ್ನ ಲೆಕ್ಕ. ಅಜ್ಜಿಯನ್ನು ನಾನು ಪೂರ್ತಿ ಅರಿತಿರಲಿಲ್ಲ. ಅವಳು ಎದೆ ಎದೆ ಬಡಿದುಕೊಂಡಳು.

“ಅಯ್ಯೋ ಶಿವನೇ! ಅದರಡೀಲಿ ಮಲಗ್ತಿದ್ನಲ್ಲಪ್ಪಾ ನಾನು! ಕೊರಳಲ್ಲಿ ಲಿಂಗ ಇಟ್ಕಂಡು!”

ಹಾಗೇ ಹೋಗಿ ಎರಡನೇ ಸಲ ತಲೆಗೆ ನೀರು ಸುರಿದುಕೊಂಡು ಬಂದಳು. ಹೊಸಿಲಿನ ಮಾತಿರಲಿ, ಅದು ಈ ಸೂರಿನಡಿ ಒಂದು ಕ್ಷಣವೂ ಇರಕೂಡದು, ಸೌದೆ ಮಾಡಿ ಎಂದು ಕೂಗಾಡತೊಡಗಿದಳು. ಸೌದೆ ಎಂಬ ಮಾತು ಕೇಳಿ ನಾನು ಟೇಬಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಮ್ಮ ಸುಮ್ಮನಿರುವವಳಲ್ಲ.

“ಮಕ್ಳ ಮಾತ ಕಟ್ಕಂಡು ಬಂದ ಬಾಗ್ಲ ಓಡಿಸ್ಬ್ಯಾಡಿ ಅತ್ತೆ. ಅವ್ರು ಬರ್ಲಿ, ಕೇಳನ. ವರ್ಷಗಟ್ಲ ಸಾಹೇಬ್ರ ಜೀಪು ಹೊಡ್ದವ್ರಲ್ವ.”

ಮಧ್ಯಾಹ್ನ ಅಪ್ಪ ಬಂದ. ಖಾಕಿ ಅಂಗಿಯ ಗುಂಡಿ ಬಿಚ್ಚುವ ಮೊದಲೇ ಅಜ್ಜಿ ಎದುರು ನಿಂತಳು.

“ಲಿಂಗ ಮುಟ್ಟಿ ಹೇಳ್ಲಾ. ಆ ಮರದ ಮೇಲ ಬಾಡು ಬ್ರಾಂದಿ ಇಡ್ತಿದ್ದದ್ದು ನಿಜ್ವಾ? ನೀ ಕಂಡಿದ್ಯಾ?”

ನಾನು ಟೇಬಲ್ಲಿನ ಆಚೆ ತುದಿಯಲ್ಲಿ ನಿಂತಿದ್ದೆ. ಸುಳ್ಳು ಸಿಕ್ಕಿಬೀಳಲಿದೆ, ಬೆನ್ನಿಗೆ ಬಾರುಕೋಲು, ನಾಳೆ ಗರಗಸ. ಅಪ್ಪ ಅಮ್ಮನನ್ನು ನೋಡಿದ. ಪೆನ್ಸಿಲಿನ ಗೀಟನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಅಂಗಿಯೊಳಗೆ ಕೈ ಹಾಕಿ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡ.

“ನಿಜ ಕಣವ್ವ. ಕಣ್ಣಾರ ಕಂಡಿವ್ನಿ.”

“ಕಂಡಿದ್ರ ತರಕ್ಕ ಮುಂಚೇನೇ ಯಾಕ ಬಾಯ್ ಬುಡ್ನಿಲ್ಲ?” ಎಂದಳು ಅಮ್ಮ.

“ಮರ್ತೋಗಿತ್ತು.”

ಸೌದೆ ಮಾಡುವುದು ಬೇಡ, ತೇಗ ಒಲೆಗಿಟ್ಟರೆ ಜನ ನಗುತ್ತಾರೆ, ಕೊಟ್ಟಿಗೆಗೆ ಹಾಕೋಣ, ಯಾರಾದರೂ ಕೊಳ್ಳುವವರು ಬಂದಾರು ಎಂದ ಅಪ್ಪ. ಅಜ್ಜಿ ಒಪ್ಪಿದಳು. ಕೊಟ್ಟಿಗೆಗೆ ಸೂರು ಬೇರೆ. ಮಾರನೆಯ ದಿನ ಗರಗಸ ಹಿಡಿದು ಬಂದ ಪುಟ್ಟಾಚಾರಿ ಗರಗಸವನ್ನು ಗೋಡೆಗೆ ಒರಗಿಸಿ, ಟೇಬಲ್ಲು ಬಿಚ್ಚಿ ಕೊಟ್ಟಿಗೆಯಲ್ಲಿ ಜೋಡಿಸಲು ಅಪ್ಪನ ಜೊತೆ ಕೈಜೋಡಿಸಿದ. ಅಮ್ಮ ಅಪ್ಪನ ಜೊತೆ ವಾರವಿಡೀ ಮಾತಾಡಲಿಲ್ಲ. ಮುದ್ದೆಯನ್ನು ತಟ್ಟೆಗೆ ಹಾಕುವಾಗ ಸದ್ದು ಬರುವ ಹಾಗೆ ಹಾಕುತ್ತಿದ್ದಳು. ನಾನು ಮತ್ತೆ ಬಚ್ಚಲಿನ ಹೊರಗೆ ನಿಂತು ಮಗ್ಗಿ ಹೇಳಿದೆ. ಈ ಸಲ ಅರ್ಧಕ್ಕೆ ಬಿಟ್ಟು ಓಡಲಿಲ್ಲ. ಒಳಗೆ ಅಮ್ಮ ಬಿಕ್ಕುವುದು ಕೇಳುತ್ತಿತ್ತು, ಅದು ಕೇಳಿಸದಿರಲೆಂದು ಇನ್ನೂ ಗಟ್ಟಿಯಾಗಿ ಹೇಳಿದೆ. ಅವತ್ತಿನ ನಾಚಿಕೆ ನನಗೆ ಚೆನ್ನಾಗಿ ನೆನಪಿದೆ.

ಆದರೆ ಅದರ ಅಡಿಯಲ್ಲೇ ಒಂದು ನೆಮ್ಮದಿಯೂ ಇತ್ತು. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ! ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದ್ದೆ, ಅದು ನಿಜವೇ ಆಗಿಬಿಟ್ಟಿತ್ತು. ಅಪ್ಪ ಕಣ್ಣಾರೆ ಕಂಡಿದ್ದ. ಲಿಂಗ ಮುಟ್ಟಿ ಹೇಳಿದ ಮೇಲೆ ಅನುಮಾನವೆಲ್ಲಿ? ಗುಡಿಯಂತೆ ಇಟ್ಟುಕೊಂಡಿದ್ದೆ ಎಂದ ಸಿದ್ದಯ್ಯನೇ ಕೊಚ್ಚಿಕೊಂಡಿದ್ದ ಎಂದು ತೀರ್ಮಾನಿಸಿದೆ. ಒಂದೆರಡು ವರ್ಷ ಬಿಟ್ಟು ಗುಂಡ್ಲುಪೇಟೆ ಸಂತೆಯಲ್ಲಿ ಅವನು ಎದುರಾಗಿ ಟೇಬಲ್ಲು ಹೇಗಿದೆ ಕಣಮ್ಮಿ ಎಂದು ಕೇಳಿದಾಗ ಮುಖ ತಿರುಗಿಸಿಕೊಂಡು ಹೋದೆ. ಆಮೇಲೆ ಅವನು ತೀರಿಕೊಂಡ ಸುದ್ದಿ ಬಂತು.

ಕೊಟ್ಟಿಗೆಯ ನೆಲ ಗಂಜಲ ಹರಿದುಹೋಗಲೆಂದು ಮೋರಿಯ ಕಡೆ ಇಳಿಜಾರು. ಒಂದು ಬದಿಯ ಕಾಲುಗಳಿಗೆ ಎಷ್ಟು ಕಲ್ಲು ಕೊಟ್ಟರೂ ಚೆಂಡು ನಿಧಾನವಾದ ಕೂಡಲೇ ಮೋರಿ ಕಡೆ ತಿರುಗಿಬಿಡುತ್ತಿತ್ತು. ಎಷ್ಟು ತಿರುಗುತ್ತದೆ, ಎಲ್ಲಿಂದ ತಿರುಗುತ್ತದೆ ಎಂದು ನೋಡಿ ನೋಡಿ ಅಷ್ಟು ಬಿಟ್ಟು ಗುರಿಯಿಡಲು ಕಲಿತೆ. ಒಂದು ಪಾಕೆಟ್ಟಿನ ಬಲೆಯನ್ನು ಕರು ತಿಂದು ಹಾಕಿತು, ಅದಕ್ಕೆ ನನ್ನ ಹಳೆ ಸ್ವೆಟರಿನ ತೋಳು ಹೊಲಿದೆ. ಹಾಲು ಕರೆಯಲು ಬರುತ್ತಿದ್ದ ಅಜ್ಜಿ ಮೊದಮೊದಲು ಟೇಬಲ್ಲಿನ ಕಡೆ ನೋಡುತ್ತಲೂ ಇರಲಿಲ್ಲ. ಒಂದು ದಿನ ತಾನೇ ವಿಭೂತಿ ಗಟ್ಟಿಯ ತುಂಡೊಂದನ್ನು ತಂದು ಕೈಗಿಟ್ಟಳು.

“ಆ ಕೋಲ್ಗಾದ್ರೂ ಇದ ಬಳ್ಕೊ. ಮೈಲಿಗೆ ತಟ್ಟಿದ್ರ ಇಷ್ಟರಲ್ಲೇ ಕಳೀಲಿ.”

ಚೆಂಡಿನ ಮೇಲೆ ಕೋಲು ಜಾರದಿರಲೆಂದು ತುದಿಗೆ ಬಳಿಯಲು ಸಿದ್ದಯ್ಯ ಕೊಟ್ಟಿದ್ದ ಚಾಕ್‌ಪೀಸು ತೀರಿಹೋಗಿತ್ತು. ಕೋಲಿನ ತುದಿಗೆ ವಿಭೂತಿ ಬಳಿದು ಹೊಡೆದೆ. ಚಾಕ್‌ಪೀಸಿನಷ್ಟು ಹಿಡಿತವಿಲ್ಲ, ಆದರೂ ತುದಿಯ ಬರಿ ಚರ್ಮಕ್ಕಿಂತ ವಾಸಿ. ಹೈಸ್ಕೂಲು ಮುಗಿಯುವವರೆಗೆ ಅಜ್ಜಿಯ ವಿಭೂತಿಯಲ್ಲೇ ಆಡಿದೆ. ಮೊದಲ ಸಲ ಮೈಸೂರಿಗೆ ಪಂದ್ಯಕ್ಕೆ ಹೋದಾಗ ಅಲ್ಲಿನ ಟೇಬಲ್ಲು ಎಲ್ಲಿಗೂ ತಿರುಗುತ್ತಿರಲಿಲ್ಲ, ಹಾಗಾಗಿ ನಾನು ಹೊಡೆದದ್ದೆಲ್ಲ ತಪ್ಪಿತು. ಅಪ್ಪ ಬಸ್ಸಿನಲ್ಲಿ ಕಡಲೆಕಾಯಿ ಕೊಡಿಸಿ, ಮುಂದಿನ ವರ್ಷ ಮತ್ತೆ ಬರೋಣ ಎಂದ. ಬಂದೆವು. ಮೂರನೆಯ ವರ್ಷ ಗೆದ್ದೆ. ಮನೆಗೆ ಬಾಗಿಲುಗಳು ಬಂದದ್ದು ನಾನು ಪಿಯುಸಿಗೆ ಸೇರಿದ ಮೇಲೆ. ತೇಗವಲ್ಲ, ಬೇವು. ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತವೆ. ಪ್ರತಿ ಮಳೆಗಾಲದಲ್ಲೂ ಬಾಗಿಲು ಎಳೆಯುತ್ತ ಅಮ್ಮ ಅಪ್ಪನ ಕಡೆ ಒಂದು ನೋಟ ಬಿಡುತ್ತಾಳೆ, ಅವನು ಬೇರೆ ಕಡೆ ನೋಡುತ್ತಾನೆ.

ಅಜ್ಜಿ ಹೋಗಿ ಬಹಳ ವರ್ಷಗಳಾದ ಮೇಲೆ ಚಾಮರಾಜನಗರದಲ್ಲಿ ನನಗೊಂದು ಸನ್ಮಾನ ಇಟ್ಟುಕೊಂಡರು. ಕ್ಲಬ್ಬು ಇದ್ದ ಅದೇ ಕಟ್ಟಡ, ಈಗ ಕಚೇರಿಯ ಸಭಾಂಗಣ. ಅಪ್ಪ ನಿವೃತ್ತನಾಗಿದ್ದ, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ನನ್ನ ಜೊತೆ ಬಂದ. ಜಗಲಿ ಹತ್ತಿ, ಚಪ್ಪಲಿ ಬಿಟ್ಟು, ತೆರೆದ ಬಾಗಿಲಿನಿಂದ ಕತ್ತು ಚಾಚಿ ಒಳಗೆ ನೋಡಿದ. ಎಡಕ್ಕೊಂದು ದೊಡ್ಡ ಕೋಣೆ, ಬಲಕ್ಕೊಂದು.

“ಟೇಬಲ್ಲು ಯಾವ ಕೋಣೇಲಿತ್ತಂತಮ್ಮಿ?” ಎಂದು ನನ್ನನ್ನು ಕೇಳಿದ.

ವಯಸ್ಸಾಯಿತು, ಮರೆವು ಶುರುವಾಗಿದೆ ಎಂದುಕೊಂಡೆ.

“ನಂಗೇನಪ್ಪ ಗೊತ್ತು. ಕಣ್ಣಾರ ಕಂಡೋನು ನೀನು.”

“ಡ್ರೈವರ್‌ಗಳ್ನ ಯಾರಮ್ಮಿ ಒಳಕ್ಕ ಬುಡ್ತಿದ್ರು?” ಅಪ್ಪ ನಕ್ಕ. ಕಾಂಪೌಂಡಿನ ಮೂಲೆಯ ಹುಣಸೆಮರದ ಕಡೆ ಕೈ ತೋರಿಸಿದ. “ಅಲ್ಲಿ ಜೀಪು ನಿಲ್ಸ್ಕಂಡು ಕುಂತಿರದು, ಕರೆದ್ರ ಓಗದು. ಜಗಲಿ ಹತ್ತಿದ್ದು ಇವತ್ತೇ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಸಂತೆಯಲ್ಲಿ ನಿಂತಿದ್ದ ಸಿದ್ದಯ್ಯನ ಮುಖ ಕಣ್ಣಿಗೆ ಬಂತು.

“ಮತ್ತ ಅಜ್ಜಿ ಮುಂದ ಲಿಂಗ ಮುಟ್ಟಿ ಹೇಳ್ದಲ್ಲಪ್ಪ?”

“ಹೇಳ್ದೆ,” ಎಂದ ಅಪ್ಪ. ಪಂಚೆಯ ಅಂಚನ್ನು ಸುಮ್ಮನೆ ಸರಿಮಾಡಿಕೊಂಡ. “ನಮ್ಮವ್ವಂಗ ನಾ ಹೇಳಿದ್ ಸುಳ್ಳು ಅದೊಂದೇ ಕಣಮ್ಮಿ.”

ಒಳಗಿನಿಂದ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಅಪ್ಪ ಪಕ್ಕಕ್ಕೆ ಸರಿದು, ನೀನು ಹೋಗು, ನಾನಿಲ್ಲೇ ನಿಂತು ನೋಡುತ್ತೇನೆ ಎಂದು ಸನ್ನೆ ಮಾಡಿದ. ನಾನು ಅವನ ಕೈ ಹಿಡಿದುಕೊಂಡು, ಅವನನ್ನು ಮುಂದೆ ಬಿಟ್ಟುಕೊಂಡು ಒಳಗೆ ಹೋದೆ.